.308 ತೋಟಾದ ಹಿತ್ತಾಳೆ ಕೇಸ್ ಬುಡದವರೆಗೂ ಕಾದುಬಿಟ್ಟಿದೆ, ಮತ್ತೆ ತುಂಬಬಹುದಾ?

ಮಲ್ನಾಡಿಗ, ಟೆಕ್ಸಸ್:
ನಮಸ್ಕಾರ. ಟಾರ್ಗೆಟ್‌ಗೆ ಹೊಡೆಯುವ .308 ರೈಫಲ್‌ಗೆ ನಾನೇ ರೀಲೋಡ್ ಮಾಡುತ್ತೇನೆ, ಅಂದರೆ ಹೊಡೆದ ಖಾಲಿ ಕೇಸ್‌ಗೆ ಮತ್ತೆ ಮದ್ದು, ಗುಂಡು ತುಂಬುತ್ತೇನೆ. ಒಂದೇ ಲಾಟಿನ 50 ಕೇಸ್, ಐದು ಸಲ ಹೊಡೆದಾಗಿದೆ. ಕಳೆದ ವಾರ ಮೂರರ ಕುತ್ತಿಗೆ ಉದ್ದಕ್ಕೆ ಸೀಳಿತು. ಅದಕ್ಕೇ ಮೊದಲ ಸಲ ಅನೀಲ್ (ಕುತ್ತಿಗೆ ಕಾಯಿಸಿ ಮೆತ್ತಗೆ ಮಾಡುವುದು) ಮಾಡಿದೆ. ಡ್ರಿಲ್‌ಗೆ ಸಾಕೆಟ್ ಸಿಕ್ಕಿಸಿ, ಅದರಲ್ಲಿ ಕೇಸ್ ಇಟ್ಟು ತಿರುಗಿಸುತ್ತಾ ಪ್ರೊಪೇನ್ ಟಾರ್ಚ್ ಹಿಡಿದೆ. ಮೊದಲ ಎಂಟಕ್ಕೆ ಅಂದಾಜು ಸಿಗದೆ ಜಾಸ್ತಿ ಹೊತ್ತು ಹಿಡಿದುಬಿಟ್ಟೆ. ನೀಲಿ-ಕಂದು ಬಣ್ಣ ಬುಡದವರೆಗೂ ಇಳಿದಿದೆ. ಉಳಿದ 39ಕ್ಕೆ ಎಣಿಸಿ ಆರೇ ಸೆಕೆಂಡ್ ಹಿಡಿದೆ. ಆ ಎಂಟಕ್ಕೆ ಮದ್ದು ಕಮ್ಮಿ ಹಾಕಿ ಬಳಸಬಹುದಾ?

ಕಂಚುಗಾರರ ಮೊಮ್ಮಗ:
ದಯವಿಟ್ಟು ಬೇಡ. ಇವತ್ತೇ ಇಕ್ಕಳದಲ್ಲಿ ಅಪ್ಪಚ್ಚಿ ಮಾಡಿ ಗುಜರಿಗೆ ಹಾಕಿ. .308ಕ್ಕೆ ಒತ್ತಡದ ಮಿತಿ 62,000 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್). ಕುತ್ತಿಗೆ, ಭುಜಕ್ಕೆ ಚೇಂಬರಿನ (ರೈಫಲ್‌ನಲ್ಲಿ ತೋಟಾ ಕೂರುವ ಜಾಗ) ಗೋಡೆ ಆಸರೆ ಇದೆ. ಬುಡಕ್ಕೆ ಪೂರ್ತಿ ಇಲ್ಲ, ಅದು ತನ್ನ ಗಡುಸಿನಿಂದಲೇ ತಡೆಯಬೇಕು. ಮೆತ್ತಗಾದರೆ ಬುಡ ಒಡೆದು ಬಿಸಿ ಗ್ಯಾಸ್ ನಿಮ್ಮ ಮುಖಕ್ಕೇ ಬರಬಹುದು. ಮತ್ತೆ ಕಾಯಿಸಿ ನೀರಿಗೆ ಅದ್ದಿದರೂ ಗಡುಸಾಗಲ್ಲ. ಅದು ಉಕ್ಕಿನ ಗುಣ. ಹಿತ್ತಾಳೆ ಬಡಿದರೆ ಮಾತ್ರ ಗಡುಸು.

ನಮ್ಮ ತಾತ ಕೊಡ ಬಡಿಯುತ್ತಿದ್ದರು. ಸುತ್ತಿಗೆ ಸದ್ದು ಕಿಣಿ ಕಿಣಿ ಅನ್ನತೊಡಗಿದರೆ ಕೈ ನಿಲ್ಲಿಸಿ ಕೊಡವನ್ನು ಕುಲುಮೆಗೆ ಇಡುತ್ತಿದ್ದರು. "ಇನ್ನು ನಾಲ್ಕು ಏಟು ಬಿದ್ದರೆ ಸೀಳುತ್ತೆ ಕಣೋ" ಅನ್ನುತ್ತಿದ್ದರು. ನಿಮ್ಮ ಕುತ್ತಿಗೆಗಳಿಗೆ ಆಗಿದ್ದೂ ಅದೇ. ಹೊಡೆದಾಗ ಹಿಗ್ಗುತ್ತೆ, ಮತ್ತೆ ಅಳತೆಗೆ ತರುವ ಅಚ್ಚಿನಲ್ಲಿ (ಡೈ) ಕುಗ್ಗುತ್ತೆ, ಪ್ರತಿ ಸಲವೂ ಸ್ವಲ್ಪ ಗಡುಸಾಗುತ್ತೆ.

ಆ 39ರಲ್ಲೂ ಬಣ್ಣ ನೋಡಿ ನಂಬಬೇಡಿ. ಸೀಳಿದ ಮೂರು ಇವೆಯಲ್ಲ, ಅವನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ. ಕುತ್ತಿಗೆ ಒಳಗೆ 750 ಡಿಗ್ರಿ ಫ್ಯಾರನ್‌ಹೀಟ್‌ನ ಟೆಂಪಿಲಾಕ್ (ಗೊತ್ತಾದ ಬಿಸಿಗೆ ಕರಗುವ ಲೇಪ), ಭುಜದ ಕೆಳಗಿಂದ ಬುಡದವರೆಗೆ 450ರದ್ದು ಹಚ್ಚಿ, ಅದೇ ಆರು ಸೆಕೆಂಡ್ ಹಿಡಿಯಿರಿ. ಬುಡದ ಕಡೆಯದು ಕರಗಿದರೆ 39ನ್ನೂ ಬಿಡಿ.

ಹಳೇ ಶೂಟರ್:
ಅಮೋನಿಯಾ ಇರುವ ಪಾಲಿಶ್‌ನಲ್ಲಿ ಮಾತ್ರ ಉಜ್ಜಬೇಡಿ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ, ಮಳೆಗಾಲದಲ್ಲಿ ಕುದುರೆ ಲಾಯದಲ್ಲಿಟ್ಟ ತೋಟಾಗಳು ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾ ಕಾರಣ ಅಂತ ವಿವರಣೆ ಸಿಕ್ಕಿದ್ದು 1921ರಲ್ಲಿ.

ಮಲ್ನಾಡಿಗ, ಟೆಕ್ಸಸ್:
ಎಂಟನ್ನೂ ಚಪ್ಪಟೆ ಮಾಡಿದೆ. ಟೆಂಪಿಲಾಕ್ ಹಚ್ಚಿ ಮೂರನ್ನೂ ನೋಡಿದೆ. ಆರು ಸೆಕೆಂಡಿಗೆ ಕುತ್ತಿಗೆಯದು ಕರಗಿತು. 450ರದ್ದು ಭುಜದ ಕೆಳಗೆ ಕಾಲು ಇಂಚು ಮಾತ್ರ ಕರಗಿದೆ, ಬುಡದ ಹತ್ತಿರ ಹಾಗೇ ಇದೆ. ತುಂಬಾ ಥ್ಯಾಂಕ್ಸ್ ಅಣ್ಣ.