ಪೋಲೊ 1.0 ಟಿಎಸ್‌ಐಗೆ ರೀಮ್ಯಾಪ್: ಮೂರು ಕೊಟೇಶನ್ ಉಂಟು, ಯಾರನ್ನು ನಂಬುವುದು ಮಾರಾಯ್ರೆ?

ಕಾಪು_ಲೈಟ್‌ಹೌಸ್:

ನನ್ನದು 2020ರ ಪೋಲೊ 1.0 ಟಿಎಸ್‌ಐ, 6 ಸ್ಪೀಡ್ ಮ್ಯಾನುವಲ್. 58,000 ಕಿ.ಮೀ. ಆಗಿದೆ. ವಾರಂಟಿ ಮುಗಿದಿದೆ, ಇಎಂಐ ಕೂಡ ಮುಗಿದಿದೆ, ಅಂದರೆ ತಲೆ ಕೆಡಲು ಸರಿಯಾದ ಸಮಯ. ಕಂಪನಿ ಕೊಟ್ಟದ್ದು 110 ಪಿಎಸ್ ಪವರ್, 175 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ದಿನಾ ಕಾಪುವಿನಿಂದ ಬೈಕಂಪಾಡಿಗೆ ಹೋಗಿ ಬರುತ್ತೇನೆ, ತಿಂಗಳಿಗೊಮ್ಮೆ ಆಗುಂಬೆ ಹತ್ತಿ ತೀರ್ಥಹಳ್ಳಿಗೆ, ಅಲ್ಲಿ ಹೆಂಡತಿಯ ತವರು. ಹೈವೇಯಲ್ಲಿ ದೂರು ಏನೂ ಇಲ್ಲ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಮಾತ್ರ ಎರಡನೇ ಗೇರಿನಲ್ಲಿ ಗಾಡಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ 1,800 ಆರ್‌ಪಿಎಂ ಬರುವ ತನಕ ಅದು ಯೋಚನೆ ಮಾಡುತ್ತಾ ನಿಲ್ಲುತ್ತದೆ, ಹಿಂದಿನವ ಹಾರ್ನ್ ಹಾಕುತ್ತಾನೆ.

ಮೂರು ಕಡೆ ಕೇಳಿದೆ. ಮೊದಲನೆಯವರು ಬೆಂಗಳೂರಿನವರು, ಸ್ಟೇಜ್ 1 ರೀಮ್ಯಾಪ್ (ಬೇರೆ ಪಾರ್ಟ್ ಹಾಕದೆ ಇಂಜಿನ್ನಿನ ಸಾಫ್ಟ್‌ವೇರ್ ಮಾತ್ರ ಬದಲಿಸುವುದು), 140 ಪಿಎಸ್ 225 ಎನ್‌ಎಂ ಅಂತಾರೆ, 95 ಆಕ್ಟೇನ್ (ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣದ ಅಂಕ) ಪೆಟ್ರೋಲ್ ಹಾಕಲೇಬೇಕಂತೆ. ಎರಡನೆಯವರು ಲ್ಯಾಪ್‌ಟಾಪ್ ಹಿಡಿದು ಮನೆಗೇ ಬರುತ್ತಾರೆ, ಒಂದು ಗಂಟೆಯ ಕೆಲಸ, 150 ಪಿಎಸ್ 260 ಎನ್‌ಎಂ, ಯಾವ ಪೆಟ್ರೋಲ್ ಆದರೂ ಆಯಿತು, ರೇಟು ಮೊದಲಿನದರ ಅರ್ಧ. ಮೂರನೆಯದು ಟ್ಯೂನಿಂಗ್ ಬಾಕ್ಸ್, ನಾವೇ ಸಿಕ್ಕಿಸಿಕೊಳ್ಳುವುದು, ಬೇಡ ಅಂದರೆ ಕಿತ್ತು ಇಡುವುದು, 130 ಪಿಎಸ್.

ಪೇಪರ್ ನೋಡಿದರೆ ಎರಡನೆಯದೇ ಲಾಭ. ಆದರೆ ಅಷ್ಟು ಅಗ್ಗದಲ್ಲಿ ಅಷ್ಟು ಜಾಸ್ತಿ ಯಾಕೆ ಕೊಡುತ್ತಾನೆ ಅಂತ ಮನಸ್ಸಿನಲ್ಲಿ ಕೊರೆಯುತ್ತಾ ಉಂಟು. ಮಾಡಿಸಿ ಒಂದೆರಡು ಬೇಸಿಗೆ ಕಳೆದವರು ಯಾರಾದರೂ ಹೇಳಿ. ನಿನ್ನೆ ಮಾಡಿಸಿ ಇವತ್ತು "ರಾಕೆಟ್ ಗುರೂ" ಅನ್ನುವವರ ಮಾತು ಸಾಕಷ್ಟು ಕೇಳಿ ಆಗಿದೆ.

ಸುರತ್ಕಲ್_ಏಳುಗೇರು:

ಎರಡು ಬೇಸಿಗೆ ಅಂತ ಕೇಳಿದ್ದು ಒಳ್ಳೆಯದಾಯಿತು. ನನ್ನದು ಹಳೆಯ ಜಿಟಿ ಟಿಎಸ್‌ಐ, 1.2 ಲೀಟರ್, 105 ಪಿಎಸ್ 175 ಎನ್‌ಎಂ, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. ಒಂದೇ ಗಾಡಿಗೆ ಎರಡು ಬೇರೆ ಬೇರೆಯವರ ಹತ್ತಿರ ಟ್ಯೂನ್ ಮಾಡಿಸಿದ್ದೇನೆ. ಯಾರು ಅಂತ ಹೇಳುವುದಿಲ್ಲ, ಕೇಳಬೇಡಿ.

ಮೊದಲನೆಯದು ಡಿಸೆಂಬರಿನಲ್ಲಿ ಹಾಕಿಸಿದ್ದು. ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು, ನಾನೂ ನಾಲ್ಕು ಜನರ ಹತ್ತಿರ ಕೊಚ್ಚಿಕೊಂಡೆ. ಏಪ್ರಿಲ್ ಬಂತು. ಮಧ್ಯಾಹ್ನ ಎರಡು ಗಂಟೆ, ಬೈಕಂಪಾಡಿಯಲ್ಲಿ ಲಾರಿಗಳ ಹಿಂದೆ ಇಪ್ಪತ್ತು ನಿಮಿಷ ನಿಂತು ಹೊರಟರೆ ಗಾಡಿ ಸತ್ತ ಹಾಗೆ, ಟ್ಯೂನ್ ಮಾಡಿಸುವ ಮೊದಲೇ ಚೆನ್ನಾಗಿತ್ತಲ್ಲಾ ಅನ್ನುವಷ್ಟು. ಗಾಡಿಯ ಕಂಪ್ಯೂಟರಿಗೆ ಒಬಿಡಿ ಕೇಬಲ್ ಸಿಕ್ಕಿಸಿ, ಓಡುವಾಗಿನ ಅಂಕಿಗಳನ್ನು ಲಾಗ್ ಮಾಡಿದೆ. ಒಳಗೆ ಹೋಗುವ ಗಾಳಿಯ ಉಷ್ಣತೆ 65 ಡಿಗ್ರಿ ದಾಟಿತ್ತು, ಇಸಿಯು (ಇಂಜಿನ್ನಿನ ಕಂಪ್ಯೂಟರ್) ನಾಲ್ಕೂ ಸಿಲಿಂಡರಿನಲ್ಲಿ ಇಗ್ನಿಷನ್ ಟೈಮಿಂಗನ್ನು, ಅಂದರೆ ಸ್ಪಾರ್ಕ್ ಕೊಡುವ ಹೊತ್ತನ್ನು, 6, 7 ಡಿಗ್ರಿ ಹಿಂದಕ್ಕೆ ಎಳೆಯುತ್ತಾ ಇತ್ತು. ಅಂದರೆ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಹೊತ್ತಿ ಬಡಿಯುವುದು) ಆಗುತ್ತಾ ಉಂಟು, ಇಂಜಿನ್ ತನ್ನನ್ನು ತಾನು ಉಳಿಸಿಕೊಳ್ಳುತ್ತಾ ಉಂಟು. ನಾನು ದುಡ್ಡು ಕೊಟ್ಟ ಪವರ್ ಇದ್ದದ್ದು ಡಿಸೆಂಬರಿಗೆ ಮಾತ್ರ.

ಕಾರಣ ಇಷ್ಟೇ. ನಮ್ಮ ಈ ಇಂಜಿನ್‌ಗಳಲ್ಲಿ ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವುದು) ಬಂಪರಿನ ಹಿಂದೆ ಗಾಳಿಗೆ ಕೂತಿಲ್ಲ. ಸಿಲಿಂಡರಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಇದೆ, ನೀರು ಅದನ್ನು ತಣ್ಣಗೆ ಮಾಡುತ್ತದೆ, ಆ ನೀರಿಗೆ ಮುಂದೆ ಬೇರೆ ಸಣ್ಣ ರೇಡಿಯೇಟರ್ ಉಂಟು. ಗಾಡಿ ಓಡುತ್ತಾ ಇದ್ದರೆ ಬಹಳ ಚೆನ್ನಾದ ವ್ಯವಸ್ಥೆ, ಪೈಪ್ ಉದ್ದ ಕಡಿಮೆಯಾದ್ದರಿಂದ ಒತ್ತಿದ ಮೇಲೆ ಟರ್ಬೊಗೆ ಕಾಯುವ ಲ್ಯಾಗ್ ಕೂಡ ಕಡಿಮೆ. ಜಾಮಿನಲ್ಲಿ ನಿಂತರೆ ಮಾತ್ರ ಆ ನೀರೇ ಬಿಸಿಯಾಗುತ್ತದೆ, ಆಮೇಲೆ ತಣಿಯಲು ಸಮಯ ತೆಗೆದುಕೊಳ್ಳುತ್ತದೆ. ಮಂಗಳೂರಿನ ಸೆಕೆಯಲ್ಲಿ ಕೇಳುವುದೇ ಬೇಡ.

ಎರಡನೇ ಟ್ಯೂನ್ ಪೇಪರಿನಲ್ಲಿ 15 ಎನ್‌ಎಂ ಕಡಿಮೆ. ಮೇ ತಿಂಗಳಲ್ಲಿ ಅದೇ ಜಾಗ, ಅದೇ ಹೊತ್ತು, ಅದೇ ಪೆಟ್ರೋಲ್ ಬಂಕು, ಟೈಮಿಂಗ್ ಎಳೆತ 2 ಡಿಗ್ರಿ ದಾಟಲಿಲ್ಲ. ಜಾಮಿನಿಂದ ಹೊರಟರೂ ಗಾಡಿ ಬೆಳಿಗ್ಗೆ ಇದ್ದ ಹಾಗೇ ಓಡಿತು. ನನ್ನ ಲೆಕ್ಕದಲ್ಲಿ ಅದೇ ಜಾಸ್ತಿ ಪವರಿನ ಟ್ಯೂನ್.

ಡೈನೊ (ಗಾಡಿಯ ಪವರ್ ಅಳೆಯುವ ಯಂತ್ರ) ಶೀಟ್ ಬಗ್ಗೆ ಒಂದು ಮಾತು. ಚಕ್ರದಲ್ಲಿ ಅಳೆದದ್ದಾ, ಇಂಜಿನ್ನಿಗೆ ಲೆಕ್ಕ ಹಾಕಿ ಏರಿಸಿದ್ದಾ ಕೇಳಿ. ಉಷ್ಣತೆಗೆ, ಗಾಳಿಯ ಒತ್ತಡಕ್ಕೆ ಅಂತ ಕರೆಕ್ಷನ್ ಬೇರೆ ಸೇರಿಸುತ್ತಾರೆ, ಅದನ್ನೂ ಕೇಳಿ. ಒಂದೇ ಡೈನೊ, ಒಂದೇ ದಿನ, ಟ್ಯೂನಿಗೆ ಮೊದಲು ಒಂದು ರನ್, ಆಮೇಲೆ ಒಂದು ರನ್ ಇದ್ದರೆ ಆ ವ್ಯತ್ಯಾಸ ಲೆಕ್ಕಕ್ಕೆ. ಇಬ್ಬರು ಬೇರೆ ಬೇರೆ ಡೈನೊದ ಶೀಟ್ ಹಿಡಿದು ಜಗಳ ಆಡುವುದು ಕಾಪುವಿನ ಮೀನಿನ ರೇಟನ್ನು ಶಿವಮೊಗ್ಗದ ರೇಟಿಗೆ ಹೋಲಿಸಿದ ಹಾಗೆ.

ನೀರುದೋಸೆ_ಡೀಸೆಲ್:

ನಾನು ಸ್ವಿಫ್ಟ್ ಡೀಸೆಲಿಗೆ ಬಾಕ್ಸ್ ಹಾಕಿದವ, 1.3 ಇಂಜಿನ್, 75 ಪಿಎಸ್. ಗಾಡಿ ಎಷ್ಟು ಓಡಿತೋ ಗೊತ್ತಿಲ್ಲ, ಹೊಗೆ ಮಾತ್ರ ಪಡುಬಿದ್ರೆಯಿಂದ ಮುಲ್ಕಿ ತನಕ ಕಾಣುತ್ತಿತ್ತು. 😀

ಬಾಕ್ಸ್ ಮಾಡುವುದು ಎಂತ ಅಂದರೆ ಸುಳ್ಳು ಹೇಳುವುದು. ಪೆಟ್ರೋಲ್ ಟರ್ಬೊದಲ್ಲಿ ಬೂಸ್ಟ್ ಪ್ರೆಶರ್ (ಟರ್ಬೊ ಒತ್ತಿದ ಗಾಳಿಯ ಒತ್ತಡ) ಸೆನ್ಸರಿಗೂ ಇಸಿಯುಗೂ ನಡುವೆ ಕೂತುಕೊಂಡು, ನಿಜವಾಗಿ ಇರುವುದಕ್ಕಿಂತ ಕಡಿಮೆ ಪ್ರೆಶರ್ ಉಂಟು ಅಂತ ತೋರಿಸುತ್ತದೆ. ಇಸಿಯು ಪಾಪ ನಂಬಿ ಟರ್ಬೊವನ್ನು ಇನ್ನಷ್ಟು ಒತ್ತುತ್ತದೆ. ಟೈಮಿಂಗ್ ಟೇಬಲ್ ಮಾತ್ರ ಹಳೆಯದೇ, ಅದೂ ಇಸಿಯು ನಂಬಿದ ಕಡಿಮೆ ಬೂಸ್ಟಿಗೆ ಬರೆದದ್ದು. ನಾಕ್ ಸೆನ್ಸರ್ ಕಾಯುತ್ತಾ ಇರುತ್ತದೆ, ಹಾಗಾಗಿ ತಕ್ಷಣ ಏನೂ ಆಗುವುದಿಲ್ಲ, ಆದರೆ ಅಚ್ಚುಕಟ್ಟು ಕೆಲಸ ಅಲ್ಲ. ಬಾಕ್ಸಿನ ಒಂದೇ ಗುಣ, ಕಿತ್ತು ಮಾರಿ ಬಿಡಬಹುದು. ನಾನೂ ಅದನ್ನೇ ಮಾಡಿದ್ದು.

ಗ್ಯಾರೇಜಿನ_ಅಣ್ಣ:

ನಾನು ಟ್ಯೂನ್ ಮಾಡುವವನಲ್ಲ, ಟ್ಯೂನ್ ಆದ ಗಾಡಿಗಳು ಆರು ತಿಂಗಳ ಮೇಲೆ ಬಂದು ನಿಲ್ಲುವುದು ನನ್ನ ಗ್ಯಾರೇಜಿನ ಎದುರು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ 260 ಎನ್‌ಎಂ. 175ರಿಂದ 260 ಅಂದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು, ಒಂದು ಲೀಟರಿನ ಮೂರು ಸಿಲಿಂಡರ್ ಇಂಜಿನ್ನಿಗೆ. ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ನನಗೆ ಹೆದರಿಕೆ. ಅಷ್ಟು ಟಾರ್ಕನ್ನು 1,700, 1,800ಕ್ಕೇ ತಂದು ಸುರಿದರೆ ಗಾಡಿ ಓಡಿಸಿದವನಿಗೆ ಖುಷಿ, ಇಂಜಿನ್ನಿಗೆ ಅಲ್ಲ. ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಎಲ್‌ಎಸ್‌ಪಿಐ ಅಂತ ಒಂದು ಪೀಡೆ ಉಂಟು. ಆರ್‌ಪಿಎಂ ಕಡಿಮೆ, ಬೂಸ್ಟ್ ಜಾಸ್ತಿ ಇರುವಾಗ, ಸ್ಪಾರ್ಕ್ ಬರುವ ಮೊದಲೇ ಒಳಗೆ ಎಣ್ಣೆಯ ಹನಿಯೋ ಕಾರ್ಬನ್ ಚೂರೋ ಬೆಂಕಿ ಹತ್ತಿಸಿಬಿಡುತ್ತದೆ. ಸಾಮಾನ್ಯ ನಾಕಿಂಗ್ ಆದರೆ ಟೈಮಿಂಗ್ ಹಿಂದೆ ಎಳೆದು ಇಸಿಯು ಸರಿ ಮಾಡಬಹುದು. ಇಲ್ಲಿ ಸ್ಪಾರ್ಕೇ ಬಂದಿಲ್ಲ, ಎಂತ ಎಳೆಯುವುದು? ಒಂದೇ ಪೆಟ್ಟಿಗೆ ಪಿಸ್ಟನ್ನಿನ ರಿಂಗ್ ಇರುವ ಅಂಚು ಒಡೆದದ್ದು ಉಂಟು. ಹಾಗಾಗಿ ಟ್ಯೂನ್ ಮಾಡಿಸಿದವರು ಆರನೇ ಗೇರಿನಲ್ಲಿ 50ರಲ್ಲಿ ಹೋಗುತ್ತಾ ಇದ್ದು ಅಲ್ಲಿಂದಲೇ ಪೂರ್ತಿ ಒತ್ತುವ ಚಟ ಬಿಡಬೇಕು. ಗೇರ್ ಇಳಿಸಿ, ಕೈಗೆ ನೋವಾಗುವುದಿಲ್ಲ. ಇಂಜಿನ್ ಎಣ್ಣೆ ಹಾಕುವಾಗ ಡಬ್ಬದಲ್ಲಿ ಎಪಿಐ ಎಸ್‌ಪಿ ಅಂತ ಇದೆಯಾ ನೋಡಿ. 2020ರಲ್ಲಿ ಬಂದ ಈ ದರ್ಜೆಗೆ ಎಲ್‌ಎಸ್‌ಪಿಐ ಪರೀಕ್ಷೆಯೂ ಸೇರಿದೆ. ಕಂಪನಿ ಹೇಳಿದ ಗ್ರೇಡು ಮತ್ತು ಅಪ್ರೂವಲ್ ಅಂತೂ ಇರಲೇಬೇಕು.

ಪೆಟ್ರೋಲ್ ಯಾವುದಾದರೂ ಆಯಿತು ಅಂದವನ ಮಾತು ನನಗೆ ಹಿಡಿಸಲಿಲ್ಲ. ಬಿಎಸ್6 ಶುರುವಾದಾಗ ಸಾದಾ ಪೆಟ್ರೋಲಿಗೆ ನಿಯಮದ ಪ್ರಕಾರ ಕನಿಷ್ಠ 91 ಆಕ್ಟೇನ್ ಇತ್ತು. ಅದಕ್ಕೂ 95ಕ್ಕೂ ಒಂದೇ ಟ್ಯೂನ್ ಫೈಲಿನಲ್ಲಿ 150 ಪಿಎಸ್ ಅಂದರೆ, ಅವನು ನಾಕ್ ಸೆನ್ಸರಿನ ಹೆಗಲ ಮೇಲೆ ಭಾರ ಹಾಕಿ ಮನೆಗೆ ಹೋಗಿದ್ದಾನೆ ಅಂತ ಅರ್ಥ. ಈಗ ಬಂಕಿನಲ್ಲಿ ಬರುವುದು ಇ20, ಅಂದರೆ ಶೇ. 20ರ ತನಕ ಎಥನಾಲ್ ಸೇರಿದ ಪೆಟ್ರೋಲ್. ಎಥನಾಲಿನಲ್ಲಿ ಆಕ್ಟೇನ್ ಚೆನ್ನಾಗಿದೆ, ಆದರೆ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಅದೇ ಕೆಲಸಕ್ಕೆ ಇಂಜೆಕ್ಟರ್ ಜಾಸ್ತಿ ಇಂಧನ ಸುರಿಯಬೇಕು. ಪೂರ್ತಿ ಬೂಸ್ಟಿನಲ್ಲಿ ಫ್ಯೂಯಲ್ ರೇಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗುವ ಪೆಟ್ರೋಲಿನ ಒತ್ತಡ) ಇಸಿಯು ಕೇಳಿದಷ್ಟು ನಿಲ್ಲುತ್ತದೆಯಾ, ಬೀಳುತ್ತದೆಯಾ? ಇದನ್ನು ನೋಡದೆ ಫೈಲ್ ಹಾಕುವವನು ಟ್ಯೂನರ್ ಅಲ್ಲ, ಪೆನ್‌ಡ್ರೈವ್. ಎಂಆರ್‌ಪಿಎಲ್ ರಿಫೈನರಿ ನಮ್ಮ ಹಿತ್ತಿಲಲ್ಲೇ ಉಂಟು, ಆದರೂ 95 ಎಲ್ಲ ಬಂಕಿನಲ್ಲಿ ಸಿಗುತ್ತದೆ ಅಂತ ನಂಬಿ ಕೂರಬೇಡಿ. ನೀವು ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಇನ್ನೊಂದು. ನೀವು ಹೇಳಿದ ಆಗುಂಬೆಯ ತೊಂದರೆ ಟ್ಯೂನಿನಿಂದ ಪೂರ್ತಿ ಹೋಗುವುದಿಲ್ಲ. 1,300ರಲ್ಲಿ ಟರ್ಬೊ ತಿರುಗಿಸುವಷ್ಟು ಎಕ್ಸಾಸ್ಟ್ ಗಾಳಿಯೇ ಇಲ್ಲ, ಸಾಫ್ಟ್‌ವೇರ್ ಅದನ್ನು ಎಲ್ಲಿಂದ ತರುತ್ತದೆ? ಆ ತಿರುವುಗಳಲ್ಲಿ ಒಂದನೇ ಗೇರ್ ಹಾಕಿ ಮಾರಾಯ್ರೆ, ಫ್ರೀ.

ಕಾಪು_ಲೈಟ್‌ಹೌಸ್:

ಒಂದನೇ ಗೇರ್! ಆರು ವರ್ಷದಿಂದ ಯಾರೂ ಹೇಳಲಿಲ್ಲ ನೋಡಿ. ಅಣ್ಣ, ಕ್ಲಚ್ ತಡೆಯುತ್ತದೆಯಾ?

ಗ್ಯಾರೇಜಿನ_ಅಣ್ಣ:

58,000 ಓಡಿದ ಕ್ಲಚ್, ನೀವು ಓಡಿಸಿದ ರೀತಿಯ ಮೇಲೆ. ನಾಲ್ಕನೇ ಗೇರಿನಲ್ಲಿ 2,000ದಿಂದ ಪೂರ್ತಿ ಒತ್ತಿ, ಆರ್‌ಪಿಎಂ ಮುಳ್ಳು ಮೇಲೆ ಹಾರಿ ಸ್ಪೀಡ್ ಏರದಿದ್ದರೆ ಕ್ಲಚ್ ಜಾರುತ್ತಾ ಉಂಟು. ಈಗಲೇ ಹಾಗಿದ್ದರೆ ಟ್ಯೂನಿನ ಮಾತೇ ಬೇಡ. ಸ್ಪಾರ್ಕ್ ಪ್ಲಗ್ ಕೂಡ ಹೊಸತು ಹಾಕಿ, ಗ್ಯಾಪ್ ಟ್ಯೂನರ್ ಹೇಳಿದ ಹಾಗೆ ಸ್ವಲ್ಪ ಕಡಿಮೆ ಇಡಿ. ಬೂಸ್ಟ್ ಜಾಸ್ತಿಯಾದರೆ ಸ್ಪಾರ್ಕ್ ಊದಿದ ದೀಪದ ಹಾಗೆ ಆರುತ್ತದೆ.

ಸುರತ್ಕಲ್_ಏಳುಗೇರು:

ಡಿಎಸ್‌ಜಿಯವರು ಓದುತ್ತಿದ್ದರೆ ಅವರಿಗೂ ಒಂದು ವಿಷಯ, ಏಕೆಂದರೆ ನನ್ನ ದುಡ್ಡು ಹೋದದ್ದು ಇಲ್ಲೇ. ನಮ್ಮ ಡ್ರೈ ಕ್ಲಚ್ಚಿನ ಡಿಎಸ್‌ಜಿ, ಅಂದರೆ ಡಿಕ್ಯು200 ಗೇರ್‌ಬಾಕ್ಸಿನ ಮಿತಿ 250 ಎನ್‌ಎಂ. ಕ್ಲಚ್ಚನ್ನು ಎಷ್ಟು ಗಟ್ಟಿ ಹಿಡಿಯಬೇಕು ಅಂತ ಅದು ಇಸಿಯು ಹೇಳಿದ ಟಾರ್ಕ್ ನೋಡಿ ನಿರ್ಧರಿಸುತ್ತದೆ. ನನ್ನ ಮೊದಲ ಟ್ಯೂನಿನಲ್ಲಿ ಆ ಲೆಕ್ಕವನ್ನೇ ತಪ್ಪಿಸಿದ್ದರು. ಇಂಜಿನ್ 220 ಮಾಡಿದರೂ ಗೇರ್‌ಬಾಕ್ಸಿಗೆ ಹೋದ ಸುದ್ದಿ 180. ಅದು 180ಕ್ಕೆ ತಕ್ಕಷ್ಟೇ ಹಿಡಿಯಿತು, ಕ್ಲಚ್ ಜಾರಿತು, ಸುಟ್ಟ ವಾಸನೆ ಬಂತು. ಈಗಿನ 1.5 ಟಿಎಸ್‌ಐ ಡಿಎಸ್‌ಜಿ ಗಾಡಿಗಳು ಕಂಪನಿಯಿಂದಲೇ 250 ಎನ್‌ಎಂ ಇಟ್ಟುಕೊಂಡು, ಇದೇ ಗೇರ್‌ಬಾಕ್ಸ್ ಹೊತ್ತುಕೊಂಡು ಬರುತ್ತವೆ. ಅದರ ಮೇಲೆ ಸ್ಟೇಜ್ 1 ಹಾಕಿಸುವವರಿಗೆ ನನ್ನದೊಂದು ನಮಸ್ಕಾರ.

ಮಣಿಪಾಲ_ಮಳೆ:

ಯಾರೂ ಹೇಳದ್ದು ನಾನು ಹೇಳುತ್ತೇನೆ, ಬೈಯಬೇಡಿ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. ವಿಮೆಯವರಿಗೆ ತಿಳಿಸದೆ ಮಾಡಿಸಿದರೆ ಕ್ಲೇಮ್ ಸಮಯದಲ್ಲಿ ತಕರಾರು ಬರಬಹುದು. ವಾರಂಟಿ ಇರುವವರು "ಸರ್ವಿಸಿಗೆ ಹೋಗುವ ಮೊದಲು ಸ್ಟಾಕ್ ಫೈಲ್ (ಕಂಪನಿಯ ಮೂಲ ಸಾಫ್ಟ್‌ವೇರ್) ಹಾಕಿದರೆ ಗೊತ್ತಾಗುವುದಿಲ್ಲ" ಅಂತ ನಂಬಬೇಡಿ. ಇಸಿಯು ಎಷ್ಟು ಸಲ ಫ್ಲ್ಯಾಶ್ ಆಗಿದೆ ಅನ್ನುವ ಲೆಕ್ಕ ಒಳಗೆ ಉಳಿಯುತ್ತದೆ. ಫೋಕ್ಸ್‌ವ್ಯಾಗನ್ ವ್ಯವಸ್ಥೆಯಲ್ಲಿ ಟಿಡಿ1 (ಸಾಫ್ಟ್‌ವೇರ್ ಬದಲಿಸಿದ್ದಾರೆ) ಅಂತ ಗುರುತು ಬಿದ್ದರೆ ಇಂಜಿನ್ ವಾರಂಟಿ ಕತೆ ಮುಗಿಯಿತು.

ಮತ್ತೆ, ಜೂನಿನಲ್ಲಿ ಮೊದಲ ಮಳೆಗೆ 225 ಎನ್‌ಎಂ ಮುಂದಿನ ಎರಡು ಚಕ್ರಕ್ಕೆ. ಟೈರ್ ನೋಡಿದ್ದೀರಾ?

ಕಾಪು_ಲೈಟ್‌ಹೌಸ್:

ಮೂರು ವಾರ ಆಯಿತು, ಸುದ್ದಿ ಹೇಳಲು ಬಂದೆ.

ಕೇಬಲ್ ತಂದು ಟ್ಯೂನ್ ಇಲ್ಲದ ಗಾಡಿಯನ್ನೇ ಲಾಗ್ ಮಾಡಿದೆ. ಪಕ್ಕದ ಸೀಟಿನಲ್ಲಿ ಭಾವ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ, ರಾಂಗ್ ಸೈಡಿನಲ್ಲಿ ಬಂದ ಸ್ಕೂಟರಿನವನಿಗೆ ಬೈದದ್ದೂ ಅವನೇ. ನೋಡಿದರೆ ಎರಡನೇ ಸಿಲಿಂಡರಿನಲ್ಲಿ ಮಾತ್ರ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಹೊತ್ತದೇ ಇರುವುದು) ಎಣಿಕೆ ಏರುತ್ತಾ ಉಂಟು. ಪ್ಲಗ್ ತೆಗೆದರೆ ಮೂರೂ ಸವೆದಿವೆ, ಒಂದು ಕಾಯಿಲ್ ವೀಕ್. ಹೊಸತು ಹಾಕಿದ ಮೇಲೆ ಗಾಡಿ ಎಷ್ಟು ಹಗುರ ಆಯಿತು ಅಂದರೆ ಭಾವ "ಟ್ಯೂನ್ ಮಾಡಿಸಿದಿಯಾ" ಅಂತ ಕೇಳಿದ.

ಲ್ಯಾಪ್‌ಟಾಪಿನವರಿಗೆ ಫೋನ್ ಮಾಡಿ, ಬೇಸಿಗೆಯ ಲಾಗ್ ಒಂದು ಕಳಿಸಿ, ರೇಲ್ ಪ್ರೆಶರ್ ಮತ್ತು ಟೈಮಿಂಗ್ ಕಾಣಬೇಕು ಅಂದೆ. "ಸರ್, ಅದೆಲ್ಲ ಯಾಕೆ, 250 ಎನ್‌ಎಂ ಮಾಡಿ ಕೊಡುತ್ತೇನೆ, ಇನ್ನೂ ಸ್ವಲ್ಪ ಕಡಿಮೆ ಮಾಡೋಣ" ಅಂದರು. ಕಡಿಮೆ ಮಾಡುವುದು ರೇಟಾ ಟಾರ್ಕಾ ಅಂತ ನನಗೆ ಗೊತ್ತಾಗಲಿಲ್ಲ. ಬೆಂಗಳೂರಿನವರು ಅರ್ಧ ಗಂಟೆಯಲ್ಲಿ ಮೂರು ಲಾಗ್ ಕಳಿಸಿದರು, ನನ್ನ ಸ್ಟಾಕ್ ಲಾಗ್ ಕೇಳಿದರು, 2,000ದ ಕೆಳಗೆ ಟಾರ್ಕ್ ತಡೆದು ಇಡುತ್ತೇವೆ ಅಂತ ಅವರೇ ಹೇಳಿದರು. ಅವರಿಗೆ ಅಡ್ವಾನ್ಸ್ ಕೊಟ್ಟಿಲ್ಲ, ಆದರೆ ಮಾಡಿಸಿದರೆ ಅವರ ಹತ್ತಿರವೇ. ಟೈರ್ ಮೊದಲು, ಮಣಿಪಾಲದವರ ಮಾತು ಕೇಳಿ ನೋಡಿದೆ, ಮುಂದಿನ ಎರಡೂ ಬೋಳು.

ನಿನ್ನೆ ಆಗುಂಬೆಯನ್ನು ಒಂದನೇ ಗೇರಿನಲ್ಲಿ ಹತ್ತಿದೆ. ಯಾರೂ ಹಾರ್ನ್ ಹಾಕಲಿಲ್ಲ.

ನೀರುದೋಸೆ_ಡೀಸೆಲ್:

ಹಾಗಾದರೆ ಬಾಕ್ಸ್ ಬೇಡ ಅಲ್ವಾ? ನನ್ನ ಪರಿಚಯದವರದ್ದು ಒಂದು ಉಂಟು, ಹೊಸತರ ಹಾಗೇ ಉಂಟು 😀