ಕಪ್ಪೆಯ ಅಂಡಾಶಯದಾಗ ಹಿಸ್ಟೋನ್ ಎಂಆರ್‌ಎನ್‌ಎ ಗುರುತಿಸೋದು ಹೆಂಗ?

ಪ್ರಶ್ನೆ (ವಿಜಯಪುರ, ಎಂ.ಎಸ್ಸಿ. ಪ್ರಾಣಿಶಾಸ್ತ್ರ): ನಮಸ್ಕಾರ ರೀ ಸರ್. ಜೆನೊಪಸ್ ಕಪ್ಪೆಯ ಅಂಡಾಶಯದ ಆರ್‌ಎನ್‌ಎಯಿಂದ ಒಲಿಗೊ-ಡಿಟಿ (ಪಾಲಿ-ಎ ಬಾಲಕ್ಕ ಅಂಟೋ ಪ್ರೈಮರ್) ಹಾಕಿ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ಪ್ರತಿ) ಮಾಡೀವಿ. ಆಕ್ಟಿನ್ ಛಲೋ ಬರ್ತದ, ಹಿಸ್ಟೋನ್ (ಡಿಎನ್‌ಎ ಸುತ್ತಿಕೊಳ್ಳೋ ಪ್ರೋಟೀನ್) ಎಚ್4 ಭಾಳ ಮಸುಕು. ರ‍್ಯಾಂಡಮ್ ಹೆಕ್ಸಾಮರ್ (ಎಲ್ಲೆಂದ್ರಲ್ಲಿ ಅಂಟೋ ಆರು ಬೇಸಿನ ಪ್ರೈಮರ್) ಹಾಕಿದ್ರ ಎಚ್4 ಜೋರ್ ಬರ್ತದ, ಆದ್ರ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಸಿಡಿಎನ್‌ಎ ಮಾಡೋ ಕಿಣ್ವ) ಹಾಕದ ಟ್ಯೂಬಿನಾಗೂ ಅದೇ ಬ್ಯಾಂಡ್ ಅದ. ಯಾವುದನ್ನ ನಂಬಬೇಕ್ರಿ?

ಉತ್ತರ (ಬೆಳಗಾವಿ, ಅಣುಜೀವಶಾಸ್ತ್ರ ಬೋಧಕರು): ಸದ್ಯಕ್ಕೆ ಎರಡನ್ನೂ ನಂಬಬೇಡಿ. ಜೀವಕೋಶ ವಿಭಜನೆಗೆ ಬೇಕಾದ ಹಿಸ್ಟೋನ್‌ಗಳ ಎಂಆರ್‌ಎನ್‌ಎಗೆ ಸಾಮಾನ್ಯವಾಗಿ ಪಾಲಿ-ಎ ಬಾಲ (ಎ ಬೇಸುಗಳ ಉದ್ದ ಸಾಲು) ಇರುವುದಿಲ್ಲ. ಅದರ 3' ತುದಿಯಲ್ಲಿ ಆರು ಜೋಡಿ ಬೇಸುಗಳ ಕಾಂಡ, ನಾಲ್ಕು ಬೇಸುಗಳ ಕುಣಿಕೆ ಇರುತ್ತದೆ. ಒಲಿಗೊ-ಡಿಟಿಗೆ ಅಲ್ಲಿ ಹಿಡಿತವೇ ಸಿಗದು. ಹೀಗಾಗಿ ಹೆಕ್ಸಾಮರ್ ಅಥವಾ ಎಚ್4ಕ್ಕೇ ಮಾಡಿಸಿದ ಪ್ರೈಮರ್ ಬಳಸುವುದು ಸರಿಯಾದ ದಾರಿ.

ಎರಡನೆಯ ತೊಂದರೆ ದೊಡ್ಡದು. ಈ ಜೀನ್‌ಗಳಲ್ಲಿ ಇಂಟ್ರಾನ್ (ಎಂಆರ್‌ಎನ್‌ಎ ತಯಾರಾಗುವಾಗ ಕತ್ತರಿಸಿ ಹೋಗುವ ತುಂಡು) ಇಲ್ಲ, ಜೀನೋಮಿನಲ್ಲಿ ಇವುಗಳ ಪ್ರತಿಗಳೂ ಹತ್ತಾರು. ಆದ್ದರಿಂದ ಡಿಎನ್‌ಎ ಸ್ವಲ್ಪ ಉಳಿದರೂ ಅದೇ ಉದ್ದದ ಬ್ಯಾಂಡ್ ಬರುತ್ತದೆ. ಇಂಟ್ರಾನ್ ದಾಟುವ ಪ್ರೈಮರ್ ಮಾಡುವ ಉಪಾಯ ಇಲ್ಲಿ ನಡೆಯದು. 10 ಮೈಕ್ರೋಗ್ರಾಂ ಆರ್‌ಎನ್‌ಎಗೆ 2 ಯೂನಿಟ್ ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಹಾಕಿ, 37 ಡಿಗ್ರಿಯಲ್ಲಿ 30 ನಿಮಿಷ ಇಡಿ. ಬಿಸಿ ಮಾಡಿ ಕಿಣ್ವ ನಿಲ್ಲಿಸುವ ಮೊದಲು 5 ಮಿಲಿಮೋಲಾರ್ ಇಡಿಟಿಎ (ಮೆಗ್ನೀಷಿಯಂ ಹಿಡಿದಿಡುವ ರಾಸಾಯನಿಕ) ಸೇರಿಸಲೇಬೇಕು. ಮೆಗ್ನೀಷಿಯಂ ಇರುವಾಗ 75 ಡಿಗ್ರಿಗೆ ಏರಿಸಿದರೆ ಆರ್‌ಎನ್‌ಎಯೇ ತುಂಡಾಗುತ್ತದೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಟ್ಯೂಬ್ ಕ್ಯೂಪಿಸಿಆರ್‌ನಲ್ಲಿ (ಪ್ರಮಾಣ ಅಳೆಯುವ ಪಿಸಿಆರ್) ಹಾಕಿದ ಟ್ಯೂಬಿಗಿಂತ ಕನಿಷ್ಠ 8-10 ಸೈಕಲ್ ತಡವಾಗಿ ಬರುವ ತನಕ ಮುಂದೆ ಹೋಗಬೇಡಿ.

ಪ್ರಶ್ನೆ: ಹಂಗಾದ್ರ ಒಲಿಗೊ-ಡಿಟಿಯಲ್ಲಿ ಮಸುಕಾಗಿ ಬಂದದ್ದು ಪೂರಾ ಡಿಎನ್‌ಎನೇ ಏನ್ರಿ?

ಉತ್ತರ: ಇರಬಹುದು, ಆದರೆ ಇಲ್ಲಿ ಅವಸರದ ತೀರ್ಮಾನ ಬೇಡ. ಉಭಯವಾಸಿಗಳ ಅಂಡಕೋಶದಲ್ಲಿ ಎಲ್ಲ ಮುಖ್ಯ ಹಿಸ್ಟೋನ್ ಎಂಆರ್‌ಎನ್‌ಎಗಳ ಒಂದು ಭಾಗಕ್ಕೆ ಪಾಲಿ-ಎ ಬಾಲ ಇರುತ್ತದೆಂದು ರುಡರ್ಮನ್ ಮತ್ತು ಪಾರ್ಡ್ಯೂ 1978ರಲ್ಲೇ ತೋರಿಸಿದ್ದಾರೆ. ಅದೂ ಅಲ್ಲದೆ, ಎಚ್3 ಹುಡುಕುವವರಿಗೆ ಅದರ ಇನ್ನೊಂದು ರೂಪ ಎಚ್3.3, ಎಚ್1 ಹುಡುಕುವವರಿಗೆ ಅಂಡದಲ್ಲಿ ಅದರ ಬದಲಿಗಿರುವ ಬಿ4 ಸಿಕ್ಕಿಬೀಳುತ್ತವೆ. ಇವೆರಡಕ್ಕೂ ಬಾಲವಿದೆ. ಅದಕ್ಕೇ ಪ್ರೈಮರನ್ನು ಪ್ರೋಟೀನ್ ಸಂಕೇತದ ಭಾಗದಿಂದಲ್ಲ, ಅದರ ಆಚೆಯ 3' ಭಾಗದಿಂದ ಆರಿಸಿ.

ಗುರುತು ಖಚಿತವಾಗುವುದು ನಾರ್ದರ್ನ್ ಬ್ಲಾಟ್‌ನಲ್ಲಿ (ಆರ್‌ಎನ್‌ಎಯನ್ನು ಜೆಲ್‌ನಿಂದ ಪೊರೆಗೆ ವರ್ಗಾಯಿಸಿ ಪ್ರೋಬಿನಿಂದ ಗುರುತಿಸುವ ವಿಧಾನ). ಎಚ್4 ಸುಮಾರು 400 ಬೇಸು, ಎಚ್3 ಮತ್ತು ಎಚ್2 ಸುಮಾರು 500. ಅಗರೋಸ್‌ನಲ್ಲಿ ಇವು ಒಂದರ ಮೇಲೊಂದು ಕೂರುತ್ತವೆ. 6% ಅಕ್ರಿಲಮೈಡ್, 8 ಮೋಲಾರ್ ಯೂರಿಯಾ ಜೆಲ್ ಹಾಕಿ, ಲೇನಿಗೆ 5-10 ಮೈಕ್ರೋಗ್ರಾಂ ಒಟ್ಟು ಆರ್‌ಎನ್‌ಎ ಓಡಿಸಿ, ವಿದ್ಯುತ್ತಿನಿಂದಲೇ ನೈಲಾನ್ ಪೊರೆಗೆ ವರ್ಗಾಯಿಸಿ. ಎಂಆರ್‌ಎನ್‌ಎಗೆ ಅಂಟುವ ಆಂಟಿಸೆನ್ಸ್ ಪ್ರೋಬ್ ಜೊತೆಗೆ, ಅದಕ್ಕೆ ಅಂಟದ ಸೆನ್ಸ್ ಪ್ರೋಬಿನ ಇನ್ನೊಂದು ಪೊರೆಯೂ ಇರಲಿ. ಸೆನ್ಸ್ ಪ್ರೋಬಿಗೂ ಬ್ಯಾಂಡ್ ಬಂದರೆ ಡಿಎನ್‌ಎ ಉಳಿದಿದೆ, ಇಲ್ಲವೇ ತೊಳೆದದ್ದು ಸಾಲಲಿಲ್ಲ.

ಬಾಲ ಇದೆಯೋ ಇಲ್ಲವೋ ತಿಳಿಯಲು ಅದೇ ಆರ್‌ಎನ್‌ಎಗೆ ಒಲಿಗೊ-ಡಿಟಿ ಅಂಟಿಸಿ ಆರ್‌ಎನ್‌ಏಸ್-ಎಚ್ (ಡಿಎನ್‌ಎಗೆ ಅಂಟಿದ ಆರ್‌ಎನ್‌ಎ ಮಾತ್ರ ಕತ್ತರಿಸುವ ಕಿಣ್ವ) ಕೊಡಿ, ಪಕ್ಕದ ಲೇನಿಗೆ ಒಲಿಗೊ-ಡಿಟಿ ಇಲ್ಲದೆ ಕಿಣ್ವ ಮಾತ್ರ. ಬಾಲವಿದ್ದ ಪ್ರತಿಗಳು ಗಿಡ್ಡಾಗಿ ಕೆಳಗಿಳಿಯುತ್ತವೆ, ಬಾಲವಿಲ್ಲದವು ಅಲ್ಲೇ ನಿಲ್ಲುತ್ತವೆ. ನನ್ನ ಮಟ್ಟಿಗೆ, ಈ ಪ್ರಶ್ನೆಗೆ ಹತ್ತು ಪಿಸಿಆರ್‌ಗಿಂತ ಈ ಒಂದು ಜೆಲ್ ಹೆಚ್ಚು ಹೇಳುತ್ತದೆ.

ಪ್ರಶ್ನೆ: ಸಣ್ಣ ಅಂಡಕೋಶಗಳ ಆರ್‌ಎನ್‌ಎ ಜೆಲ್‌ನಾಗ 28ಎಸ್, 18ಎಸ್ (ರೈಬೋಸೋಮಿನ ದೊಡ್ಡ ಆರ್‌ಎನ್‌ಎ) ಕಾಣವಲ್ವು, ಕೆಳಗ ಮಾತ್ರ ದಪ್ಪ ಬ್ಯಾಂಡ್. ಕೆಟ್ಟಾವ ಏನ್ರಿ?

ಉತ್ತರ: ಕೆಟ್ಟಿರಬೇಕೆಂದೇನಿಲ್ಲ. 300 ಮೈಕ್ರಾನ್‌ಗಿಂತ ಸಣ್ಣ, ಪಾರದರ್ಶಕ ಕೋಶಗಳು ಅಂಡಕೋಶ ಬೆಳೆಯುವ ಆರು ಹಂತಗಳಲ್ಲಿ ಮೊದಲನೇ ಹಂತದವು. ಅವುಗಳಲ್ಲಿ 5ಎಸ್ (ರೈಬೋಸೋಮಿನ ಸಣ್ಣ ಆರ್‌ಎನ್‌ಎ) ಮತ್ತು ಟ್ರಾನ್ಸ್‌ಫರ್ ಆರ್‌ಎನ್‌ಎ ಮೊದಲೇ ದಾಸ್ತಾನಾಗಿರುತ್ತವೆ, ರೈಬೋಸೋಮಿನ ದೊಡ್ಡ ಆರ್‌ಎನ್‌ಎಗಳು ಆಮೇಲೆ ಬರುತ್ತವೆ. ಬ್ಯಾಂಡ್ ಚೊಕ್ಕಟವಿದ್ದರೆ ಸರಿ. ಮೇಲಿಂದ ಕೆಳಗೆ ಹೊಗೆಯಂತೆ ಎಳೆದಿದ್ದರೆ ಮಾತ್ರ ಹಾಳಾಗಿದೆ.

1.2 ಮಿ.ಮೀ. ದಾಟಿದ ಆರನೇ ಹಂತದ ಒಂದು ಅಂಡಕೋಶದಲ್ಲಿ 4-5 ಮೈಕ್ರೋಗ್ರಾಂ ಆರ್‌ಎನ್‌ಎ ಇರುತ್ತದೆ. ಹತ್ತು ಕೋಶಗಳಿಗೆ 1 ಮಿ.ಲೀ. ಟ್ರೈಝಾಲ್ (ಆರ್‌ಎನ್‌ಎ ತೆಗೆಯುವ ದ್ರವ) ಸಾಕು. ಅರೆದ ಮೇಲೆ ನೇರ ಕ್ಲೋರೋಫಾರ್ಮ್ ಹಾಕಬೇಡಿ. ಮೊದಲು 12,000 ಜಿ, 4 ಡಿಗ್ರಿ, 10 ನಿಮಿಷ ತಿರುಗಿಸಿ. ಅಂಡದ ಹಳದಿ ಭಾಗ ಮತ್ತು ಬಣ್ಣದ ಕಣಗಳು ತಳಕ್ಕೆ, ಕೊಬ್ಬು ಮೇಲಕ್ಕೆ ಹೋಗುತ್ತವೆ, ನಡುವಿನ ದ್ರವ ಮಾತ್ರ ತೆಗೆದುಕೊಳ್ಳಿ. ಕೊನೆಗೆ 2.5 ಮೋಲಾರ್ ಲಿಥಿಯಂ ಕ್ಲೋರೈಡ್‌ನಿಂದ ಕೂರಿಸಿದರೆ ಗ್ಲೈಕೋಜೆನ್ ಹಿಂದೆ ಉಳಿಯುತ್ತದೆ.

ಪ್ರಶ್ನೆ (ಬಾಗಲಕೋಟೆ): ಮಳೆಗಾಲದಾಗ ಹೊಲಕ್ಕ ಬರೋ ದೊಡ್ಡ ಕಪ್ಪಿ ಬಳಸಬಹುದಾ ಸರ್?

ಉತ್ತರ: ಬೇಡ. ಅವಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅನುಮತಿ ಇಲ್ಲದೆ ಹಿಡಿಯುವಂತಿಲ್ಲ. ಜೆನೊಪಸ್ ಪ್ರೈಮರಿನ 3' ಭಾಗ ಅವಕ್ಕೆ ಹೊಂದುವುದೂ ಇಲ್ಲ. ಜೆನೊಪಸ್ ಸಾಕಿರುವ, ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಇರುವ ಪ್ರಯೋಗಾಲಯದಲ್ಲಿ ಉಳಿದ ಅಂಡಾಶಯದ ತುಂಡು ಕೇಳಿ. ಅರ್ಧ ಸೆಂ.ಮೀ.ಗಿಂತ ತೆಳುವಾಗಿ ಕತ್ತರಿಸಿ, ಐದು ಪಟ್ಟು ಆರ್‌ಎನ್‌ಎಲೇಟರ್‌ನಲ್ಲಿ (ಆರ್‌ಎನ್‌ಎ ಕೆಡದಂತೆ ಇಡುವ ಉಪ್ಪಿನ ದ್ರವ) ಮುಳುಗಿಸಿ ತನ್ನಿ. 25 ಡಿಗ್ರಿಯಲ್ಲಿ ಒಂದು ವಾರ ತಡೆಯುತ್ತದೆ, 37ರಲ್ಲಿ ಒಂದೇ ದಿನ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಬಸ್ಸಿನಲ್ಲಿ ತರುವುದಾದರೆ ಐಸ್ ಡಬ್ಬಿ ಬೇಕೇ ಬೇಕು. ಟ್ರೈಝಾಲ್‌ಗೆ ಹಾಕುವ ಮುಂಚೆ ದ್ರವವನ್ನು ಪೂರ್ತಿ ಹೀರಿ ತೆಗೆಯಿರಿ, ಆ ಉಪ್ಪು ಉಳಿದರೆ ಪದರಗಳು ಸರಿಯಾಗಿ ಬೇರೆಯಾಗುವುದಿಲ್ಲ.