ಜೂಲಿಯಸ್ ಹೆಂಫಿಲ್ ಅವರ ಸಂಗೀತವನ್ನು ಯಾವ ಕ್ರಮದಲ್ಲಿ ಕೇಳಬೇಕು?

ಪ್ರಶ್ನೆ:
ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ 1938ರಲ್ಲಿ ಹುಟ್ಟಿದ ಜಾಝ್ ಸ್ಯಾಕ್ಸೊಫೋನ್ ವಾದಕ ಜೂಲಿಯಸ್ ಹೆಂಫಿಲ್ ಅವರ ‘ಡೋಗಾನ್ ಎ.ಡಿ.’ ಆಲ್ಬಂ ಕೇಳಿದ ಮೇಲೆ ಅವರ ಉಳಿದ ಕೃತಿಗಳನ್ನೂ ಕೇಳಬೇಕೆಂಬ ಆಸೆ ಹುಟ್ಟಿದೆ. ಅದೇ ಊರಿನ ಜಾಝ್ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ಬಗ್ಗೆ ಓದಲು ಬೇಕಾದಷ್ಟಿದೆ. ಹೆಂಫಿಲ್ ಅವರ ಹೆಸರು ಮಾತ್ರ ಹೆಚ್ಚಿನ ಬರಹಗಳಲ್ಲಿ ನಾಲ್ವರು ಸ್ಯಾಕ್ಸೊಫೋನ್ ವಾದಕರ ತಂಡವಾದ ವರ್ಲ್ಡ್ ಸ್ಯಾಕ್ಸೊಫೋನ್ ಕ್ವಾರ್ಟೆಟ್‌ನ ಸದಸ್ಯರ ಸಾಲಿನಲ್ಲಿ ಬಂದು ಹೋಗುತ್ತದೆ. ಅವರನ್ನು ಮುಖ್ಯವಾಗಿ ವಾದಕರೆಂದು ಪರಿಗಣಿಸಬೇಕೋ, ಸಂಯೋಜಕರೆಂದೋ? ತಿಳಿದವರು ದಯವಿಟ್ಟು ದಾರಿ ತೋರಿಸಿ.

ಉತ್ತರ 1:
ಸಂಯೋಜಕರೆಂದೇ ಕೇಳಿ. ಅದಕ್ಕೆ ಸಾಕ್ಷಿ ನೀವು ಕೇಳಿರುವ ಆಲ್ಬಂನಲ್ಲೇ ಇದೆ. 1972ರಲ್ಲಿ ಧ್ವನಿಮುದ್ರಣಗೊಂಡ ಅದರ ಶೀರ್ಷಿಕೆ ಕೃತಿಯಲ್ಲಿ ತಗ್ಗುಸ್ವರದಲ್ಲಿ ಲಯಕ್ಕೆ ಆಧಾರವಾಗುವ ಬಾಸ್ ವಾದ್ಯವಿಲ್ಲ. ಆ ಜಾಗದಲ್ಲಿ ಅಬ್ದುಲ್ ವದೂದ್ ಅವರ ಚೆಲ್ಲೊ (ವಯಲಿನ್ ಬಳಗದ ದೊಡ್ಡ ತಂತಿವಾದ್ಯ) ಹನ್ನೊಂದು ಎಣಿಕೆಗಳ ಆವರ್ತವೊಂದನ್ನು ಗಡುಸಾಗಿ, ಬಿಡದೆ ಮರುಕಳಿಸುತ್ತದೆ. ಎಣಿಸುತ್ತ ಹೋದರೆ, ಹನ್ನೆರಡನೆಯದನ್ನು ನಿರೀಕ್ಷಿಸುವ ಕಡೆಯಲ್ಲಿ ಮತ್ತೆ ಮೊದಲನೆಯದೇ ಬಂದಿರುತ್ತದೆ. ಹಾಗಿದ್ದರೂ ಫಿಲಿಪ್ ವಿಲ್ಸನ್ ಅವರ ಡ್ರಮ್ಸ್‌ನಿಂದಾಗಿ ಎಲ್ಲಿಯೂ ಲೆಕ್ಕಾಚಾರದ ವಾಸನೆ ಬರುವುದಿಲ್ಲ, ಅಮೆರಿಕದ ಕಪ್ಪು ಜನರ ಹಾಡುಸಂಗೀತವಾದ ಬ್ಲೂಸ್‌ನ ಕಸುವು ಒಂದಿಷ್ಟೂ ಸಡಿಲುವುದಿಲ್ಲ. ಇಷ್ಟು ಬಿಗಿಯಾದ ಕಟ್ಟಡವನ್ನು ಮೊದಲೇ ಯೋಚಿಸಿಟ್ಟಿದ್ದರಿಂದಲೇ ಹೆಂಫಿಲ್ ಮತ್ತು ಟ್ರಂಪೆಟ್ ವಾದಕ ಬೈಕಿಡಾ ಕ್ಯಾರಲ್ ಅದರ ಮೇಲೆ ಅಷ್ಟು ಸ್ವತಂತ್ರವಾಗಿ ನುಡಿಸಲು ಸಾಧ್ಯವಾಯಿತೆಂಬುದು ನನ್ನ ಅಭಿಪ್ರಾಯ.

ಅವರು ಮರೆಗೆ ಸರಿದುದಕ್ಕೆ ಸಂಗೀತ ಕಾರಣವಲ್ಲ. ಈ ಆಲ್ಬಂ ಮೊದಲು ಹೊರಬಂದದ್ದು ಅವರದೇ ಪುಟ್ಟ ಸಂಸ್ಥೆಯಾದ ಎಂಬಾರಿಯಿಂದ, ಸಿ.ಡಿ. ರೂಪದಲ್ಲಿ ಅದು ಸಿಗಲು 2011ರವರೆಗೆ ಕಾಯಬೇಕಾಯಿತು.

ಉತ್ತರ 2:
ಮುಂದಿನ ಹೆಜ್ಜೆಯಾಗಿ ‘ದ ಹಾರ್ಡ್ ಬ್ಲೂಸ್’ ಎಂಬ ಒಂದೇ ಕೃತಿಯ ಎರಡು ರೂಪಗಳನ್ನು ಜೊತೆಗಿಟ್ಟು ಕೇಳಿ. ಮೊದಲನೆಯದು ಅದೇ 1972ರ ಧ್ವನಿಮುದ್ರಣದ್ದು. ತುಂಬ ದೀರ್ಘವಾದ್ದರಿಂದ ಆ ಎಲ್‌.ಪಿ.ಯಲ್ಲಿ ಜಾಗ ಸಾಲದೆ, 1975ರ ಬೇರೊಂದು ಆಲ್ಬಂನಲ್ಲಿ ಬಂತು. ಎರಡನೆಯದು 1991ರ ‘ಫ್ಯಾಟ್ ಮ್ಯಾನ್ ಅಂಡ್ ದ ಹಾರ್ಡ್ ಬ್ಲೂಸ್’ ಆಲ್ಬಂನಲ್ಲಿದೆ. ಇಲ್ಲಿ ಚೆಲ್ಲೊ ಇಲ್ಲ, ಡ್ರಮ್ಸ್ ಇಲ್ಲ, ಇರುವುದು ಆರು ಸ್ಯಾಕ್ಸೊಫೋನ್‌ಗಳು ಮಾತ್ರ. ಲಯವನ್ನು ಹೊರುವ ಕೆಲಸವನ್ನೂ ಅವುಗಳಿಗೇ ಹಂಚಲಾಗಿದೆ. ಅನಾರೋಗ್ಯದಿಂದ ತಾವೇ ನುಡಿಸುವುದು ಅಸಾಧ್ಯವಾದ ಮೇಲೂ ಅವರು ಈ ಆರು ಜನರ ತಂಡಕ್ಕಾಗಿ ಬರೆದರು. ‘ಫೈವ್ ಕಾರ್ಡ್ ಸ್ಟಡ್’ ಆಲ್ಬಂ ಆ ಕಾಲದ್ದು. 1995ರಲ್ಲಿ ಅವರು ತೀರಿಕೊಂಡರು.

ಉತ್ತರ 3:
ಮೇಲಿನ ಎರಡೂ ಸಲಹೆಗಳು ಸರಿಯಾಗಿವೆ, ಆದರೆ ವಾದಕನನ್ನು ಅಷ್ಟು ಬೇಗ ಬದಿಗೆ ಸರಿಸುವುದು ನನಗೆ ಒಪ್ಪಿಗೆಯಿಲ್ಲ. 1977ರ ‘ಬ್ಲೂ ಬೋಯೆ’ ಆಲ್ಬಂನಲ್ಲಿ ಹೆಂಫಿಲ್ ಒಬ್ಬರೇ ಸ್ಯಾಕ್ಸೊಫೋನ್ ಮತ್ತು ಕೊಳಲುಗಳನ್ನು ಬೇರೆ ಬೇರೆಯಾಗಿ ನುಡಿಸಿ, ಒಂದರ ಮೇಲೊಂದು ಪದರವಾಗಿ ಕೂಡಿಸಿದ್ದಾರೆ. ಬರೆಯುವವರೂ ನುಡಿಸುವವರೂ ಒಬ್ಬರೇ ಆಗಿರುವ ಅಲ್ಲಿ ನೀವು ಕೇಳಿದ ಭೇದವೇ ಉಳಿಯುವುದಿಲ್ಲ. ನ್ಯೂ ವರ್ಲ್ಡ್ ರೆಕಾರ್ಡ್ಸ್ 2021ರಲ್ಲಿ ಅವರ ಸಂಗ್ರಹದಿಂದ ಆಯ್ದು ತಂದ ಏಳು ಸಿ.ಡಿ.ಗಳ ಸಂಪುಟವನ್ನು ಇವೆಲ್ಲ ಆದ ಮೇಲೆ ಕೈಗೆತ್ತಿಕೊಳ್ಳಿ. ಮೊದಲೇ ಅದಕ್ಕೆ ಇಳಿದರೆ ದಿಕ್ಕು ತಪ್ಪುವ ಸಾಧ್ಯತೆ ಹೆಚ್ಚು.